ಬಿರುಸು ಎಂದರೆ ಎಷ್ಟು?

"ಬಿರುಸಾಗಿ ನಡೆಯಿರಿ" ಎಂದು ಹೇಳದ ಡಾಕ್ಟರು ಈ ಮಂಗಳೂರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ನನಗೆ ಸಂಶಯ. ಸಕ್ಕರೆ ಸ್ವಲ್ಪ ಏರಿದರೂ ಅದೇ ಮಾತು, ರಕ್ತದೊತ್ತಡ ಏರಿದರೂ ಅದೇ ಮಾತು, ಮಂಡಿನೋವೆಂದು ಹೋದರೆ ತೂಕ ನೋಡಿ ಮತ್ತೆ ಅದೇ ಮಾತು. ಮಾತ್ರೆಯಾದರೆ ಎಷ್ಟು ಮಿಲಿಗ್ರಾಮ್, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮೊದಲೋ ಆಮೇಲೋ ಎಂದೆಲ್ಲ ಚೀಟಿಯಲ್ಲಿ ಬರೆದುಕೊಡುತ್ತಾರೆ. ನಡಿಗೆಗೆ ಮಾತ್ರ ಒಂದೇ ಶಬ್ದ, ಬಿರುಸು. ಅದರ ಅಳತೆ ಯಾವುದು? ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಹೊರಟುನಿಂತ ಬಸ್ಸಿಗೆ ಸೆರಗು ಸಿಕ್ಕಿಸಿಕೊಂಡು ಓಡುತ್ತೇವಲ್ಲ, ಅಷ್ಟೇ? ಅಥವಾ ಮದುವೆಮನೆಯಲ್ಲಿ ಮೊದಲ ಹಂತಿ ತಪ್ಪಬಾರದೆಂದು, ಗಡಿಬಿಡಿ ಯಾರಿಗೂ ಕಾಣದ ಹಾಗೆ ಕಾಲು ಚುರುಕು ಮಾಡುತ್ತೇವಲ್ಲ, ಅಷ್ಟೇ?

ನನಗೀಗ 56 ವರ್ಷ. ಸಕ್ಕರೆ ಗಡಿಯ ಮೇಲೆ ನಿಂತಿದೆ, ಆಚೆ ದಾಟಿಲ್ಲ. ದಾಟಿದರೆ ಏನಾಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಬೇಕಾಗಿಲ್ಲ. ನನ್ನ ಅಮ್ಮನ ಕಾಲಿನ ಹುಣ್ಣಿಗೆ ಎಂಟು ತಿಂಗಳು ಬಟ್ಟೆ ಕಟ್ಟಿದವಳು ನಾನೇ. ಆದ್ದರಿಂದ ಡಾಕ್ಟರು ಬಿರುಸು ಎಂದಾಗ ನಾನು ತಲೆಯಾಡಿಸಿ ಎದ್ದು ಬರಲಿಲ್ಲ, "ಎಷ್ಟು ಬಿರುಸು?" ಎಂದು ಕೇಳಿಯೇ ಬಿಟ್ಟೆ. ಅವರು ನಕ್ಕು, "ನಿಮ್ಮ ಕೈಯಲ್ಲೇ ಉಂಟಲ್ಲ ಅಮ್ಮ ಮೀಟರು, ಅದನ್ನೇ ಕೇಳಿ" ಎಂದರು. ಕೈ ಎಂದರೆ ಮಣಿಕಟ್ಟು. ಮೀಟರು ಎಂದರೆ ನಾಡಿ.

ನಾಡಿ ನೋಡುವುದು ನಮಗೆ ಹೊಸತೇನಲ್ಲ. ಹಿಂದೆ ಊರಿಗೆ ಬರುತ್ತಿದ್ದ ಪಂಡಿತರು ಗಂಡಸರ ಬಲಗೈ, ಹೆಂಗಸರ ಎಡಗೈ ಹಿಡಿದು ಕಣ್ಣು ಮುಚ್ಚುತ್ತಿದ್ದರು. ವಾತದ ನಾಡಿ ಹಾವಿನಂತೆ ಹರಿಯುತ್ತದೆ, ಪಿತ್ತದ್ದು ಕಪ್ಪೆಯಂತೆ ಕುಪ್ಪಳಿಸುತ್ತದೆ, ಕಫದ್ದು ಹಂಸದಂತೆ ನಡೆಯುತ್ತದೆ ಎಂಬ ವರ್ಣನೆ ಕೇಳಲು ಎಷ್ಟು ಚೆಂದ! ಆದರೆ ಅವರು ನೋಡುತ್ತಿದ್ದದ್ದು ನಾಡಿಯ ನಡೆಯನ್ನು. ನಿಮಿಷಕ್ಕೆ ಎಷ್ಟು ಬಡಿತ ಎಂಬ ಲೆಕ್ಕಕ್ಕೆ ಗಡಿಯಾರ ಬೇಕು. ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯ 1707ರಲ್ಲಿ, ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವೊಂದನ್ನು ನಾಡಿ ಎಣಿಸುವುದಕ್ಕೆಂದೇ ಮಾಡಿಸಿಕೊಂಡಿದ್ದನಂತೆ. ನಮಗೆ ಅಷ್ಟು ಕಷ್ಟವಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ ತೋರುಬೆರಳು, ನಡುಬೆರಳು ಎರಡನ್ನೂ ಹಗುರವಾಗಿ ಇಟ್ಟು 15 ಸೆಕೆಂಡು ಎಣಿಸಿ 4ರಿಂದ ಗುಣಿಸಿದರೆ ಆಯಿತು. ಹೆಬ್ಬೆರಳಿನಿಂದ ಮುಟ್ಟಿ ನೋಡಬಾರದು, ಅದಕ್ಕೆ ಅದರದ್ದೇ ಬಡಿತ ಉಂಟು, ಲೆಕ್ಕ ತಪ್ಪುತ್ತದೆ. ನಡೆದು ನಿಂತ ಕೂಡಲೇ ಎಣಿಸಬೇಕು. ನಿಂತು ಪಕ್ಕದವರ ಸೊಸೆಯ ಸುದ್ದಿ ಕೇಳಿ ಆಮೇಲೆ ಬೆರಳಿಟ್ಟರೆ ಎದೆ ಅಷ್ಟರಲ್ಲಿ ತಣ್ಣಗಾಗಿರುತ್ತದೆ. ಅದಕ್ಕೇ ಕೆಲವರು 10 ಸೆಕೆಂಡಷ್ಟೇ ಎಣಿಸಿ 6ರಿಂದ ಗುಣಿಸುತ್ತಾರೆ. ಬಡಿತದ ನಡುನಡುವೆ ತಾಳ ತಪ್ಪಿದಂತೆ ಅನ್ನಿಸಿದರೆ ಮಾತ್ರ ಪೂರಾ ಒಂದು ನಿಮಿಷ ಎಣಿಸಿ, ಆ ವಿಷಯವನ್ನು ಡಾಕ್ಟರ ಕಿವಿಗೆ ಹಾಕಬೇಕು.

ಮೊದಲ ಒಂದು ವಾರ ನಾನು ನಡೆಯಲಿಲ್ಲ, ಎಣಿಸಿದೆ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟೆ. ಬೆಳಗ್ಗೆ ಎದ್ದು ಹಾಸಿಗೆಯಲ್ಲೇ ಕುಳಿತಾಗ 76. ದೋಸೆ ಹುಯ್ಯುವಾಗ 84. ನೆಲ ಒರೆಸಿ ಎದ್ದಾಗ 98. ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹತ್ತಿದಾಗ 118, ಆದರೆ ಬಟ್ಟೆ ಹರವಿ ಮುಗಿಯುವುದರೊಳಗೆ ಅದು 90ಕ್ಕೆ ಇಳಿದಿತ್ತು. "ಬೆಳಗ್ಗಿನಿಂದ ಮನೆಯೊಳಗೆ ನಡೆದದ್ದೇ ನಡೆದದ್ದು, ಇನ್ನು ಎಂತದ್ದು ವಾಕಿಂಗು?" ಎಂದು ನಾವೆಲ್ಲ ಹೇಳುವುದುಂಟಲ್ಲ, ಆ ಪುಟ ನೋಡಿದ ಮೇಲೆ ಆ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಮನೆಗೆಲಸದಲ್ಲಿ ಸೊಂಟ ಸೋಲುತ್ತದೆ, ಕಾಲು ಸೋಲುತ್ತದೆ, ಮನಸ್ಸಂತೂ ಸೋತೇ ಹೋಗುತ್ತದೆ. ಆದರೆ ಎದೆಗೆ ಬೇಕಾದದ್ದು ಹತ್ತು ನಿಮಿಷ, ಇಪ್ಪತ್ತು ನಿಮಿಷ ಬಿಡದೆ ನಡೆಯುವ ಕೆಲಸ. ನಮ್ಮದು ಎದ್ದು ಕೂತು, ಕೂತು ಎದ್ದು ಮುಗಿಯುವ ಕೆಲಸ. ಅಜ್ಜಿಯ ಕಾಲದ ಕಡೆಯುವ ಕಲ್ಲಿನ ಮುಂದೆ ಅರ್ಧ ಗಂಟೆ ಕುಳಿತರೆ ಲೆಕ್ಕ ಬೇರೆಯಾಗುತ್ತಿತ್ತೋ ಏನೋ. ಆ ಕಲ್ಲನ್ನು ಈಗ ನಾನು ತುಳಸಿಕಟ್ಟೆಯ ಪಕ್ಕ ಮಗುಚಿ ಹಾಕಿದ್ದೇನೆ, ಬೆಕ್ಕು ಮಲಗುತ್ತದೆ.

ಏರೋಬಿಕ್ ಎಂಬ ಶಬ್ದ ಕೇಳಿದಾಗ ಟಿ.ವಿ.ಯಲ್ಲಿ ಬಿಗಿಯಾದ ಬಟ್ಟೆ ತೊಟ್ಟು ಹಾಡಿಗೆ ಕುಣಿಯುವ ಹುಡುಗಿಯರ ನೆನಪಾಗುವವರೇ ನಮ್ಮಲ್ಲಿ ಹೆಚ್ಚು. ಅಮೆರಿಕದ ಕೆನೆತ್ ಕೂಪರ್ ಎಂಬ ವೈದ್ಯರು 1968ರಲ್ಲಿ ಅದೇ ಹೆಸರಿನ ಪುಸ್ತಕ ಬರೆದಾಗ ಹೇಳಿದ್ದು ಕುಣಿತವನ್ನಲ್ಲ. ಸ್ನಾಯುಗಳು ಕೇಳಿದಷ್ಟು ಪ್ರಾಣವಾಯುವನ್ನು ಶ್ವಾಸಕೋಶ ಮತ್ತು ಹೃದಯ ಒದಗಿಸುತ್ತಲೇ ಇರುವಂಥ, ಬಹಳ ಹೊತ್ತು ಮಾಡಬಹುದಾದ ಶ್ರಮವನ್ನು. ನಡಿಗೆ, ಈಜು, ಸೈಕಲ್ಲು ಎಲ್ಲ ಅದೇ ಜಾತಿ. ನಮ್ಮ ಕಂಬಳದ ಓಟ ಅದಕ್ಕೆ ತದ್ವಿರುದ್ಧ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಬಾಯಿಗೆ ಬೆರಳಿಟ್ಟಿತು. ಆ 13 ಸೆಕೆಂಡಿನಲ್ಲಿ ಸ್ನಾಯುಗಳು ಪ್ರಾಣವಾಯುವಿಗೆ ಕಾಯುತ್ತಾ ಕೂರುವುದಿಲ್ಲ, ಕೂಡಿಟ್ಟದ್ದನ್ನು ಸುಟ್ಟುಕೊಂಡು ಓಡಿಬಿಡುತ್ತವೆ. ನನಗೆ ಬೇಕಾದದ್ದು ಅದಲ್ಲವಲ್ಲ. ನನಗೆ ಬೇಕಾದದ್ದು ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ, ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ.

ಈ ಮಧ್ಯಮ ಎಂಬುದನ್ನು ಅಂಕಿಯಲ್ಲಿ ಹೇಳುವ ಸೂತ್ರ ಬಹಳ ಪ್ರಸಿದ್ಧವಾದದ್ದು. 220ರಿಂದ ನಿಮ್ಮ ವಯಸ್ಸು ಕಳೆಯಿರಿ. ಬಂದದ್ದು ನಿಮ್ಮ ಹೃದಯ ಬಡಿಯಬಹುದಾದ ಗರಿಷ್ಠ ವೇಗ. ಅದರಲ್ಲಿ ನೂರಕ್ಕೆ 50ರಿಂದ 70 ಪಾಲು ಬಂದರೆ ಮಧ್ಯಮ, 70ರಿಂದ 85 ಪಾಲು ಬಂದರೆ ಕಠಿಣ. ನನ್ನ ಲೆಕ್ಕ ಹಾಕಿದೆ: 220ರಲ್ಲಿ 56 ಹೋದರೆ 164. ಅದರ ಅರ್ಧ 82, ನೂರಕ್ಕೆ 70 ಪಾಲು ಎಂದರೆ 115. ಹಾಲಿನ ಪುಸ್ತಕ ತೆಗೆದು ನೋಡಿದರೆ ದೋಸೆ ಹುಯ್ಯುವಾಗಲೇ ನನ್ನದು 84! ಹಾಗಾದರೆ ಕಾವಲಿಯ ಮುಂದೆ ನಿಂತದ್ದೇ ವ್ಯಾಯಾಮ ಎಂದಾಯಿತು. ನಮ್ಮವರಿಗೆ ಇದನ್ನು ಹೇಳಿದಾಗ, "ಹಾಗಾದರೆ ಇನ್ನೆರಡು ಹುಯ್ಯಿ, ನಿನ್ನ ಆರೋಗ್ಯಕ್ಕೆ ಒಳ್ಳೆಯದು" ಎಂದು ತಟ್ಟೆ ಮುಂದೆ ನೂಕಿದರು.

ಮುಂದಿನ ಸಲ ಡಾಕ್ಟರಿಗೇ ಪುಸ್ತಕ ತೋರಿಸಿದೆ. ಅವರು ಬಹಳ ತಾಳ್ಮೆಯವರು, ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರೂ ಕಾಗದ ತೆಗೆದುಕೊಂಡು ವಿವರಿಸಿದರು. 220ರ ಆ ಸೂತ್ರ 1970ರ ಆಸುಪಾಸಿನಲ್ಲಿ ಅಮೆರಿಕದ ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬವರು ಆಗ ಸಿಕ್ಕಿದ ಹತ್ತಾರು ಅಧ್ಯಯನಗಳ ಅಂಕಿಗಳನ್ನು ಜೋಡಿಸಿ, ನಡುವೆ ಎಳೆದ ಒಂದು ಅಂದಾಜಿನ ಗೆರೆ. ಅದು ಎಲ್ಲರಿಗೂ ಅನ್ವಯಿಸುವ ನಿಯಮವಾಗಲಿ ಎಂದು ಅವರೇ ಬಯಸಿರಲಿಲ್ಲವಂತೆ. ಒಂದೇ ವಯಸ್ಸಿನ ಇಬ್ಬರಲ್ಲಿ ನಿಜವಾದ ಗರಿಷ್ಠ ಆ ಗೆರೆಯಿಂದ 10-12 ಬಡಿತ ಮೇಲೆ ಕೆಳಗೆ ಇರುವುದು ಸಾಮಾನ್ಯ. ಇನ್ನೂ ಒಂದು ಮಾತು ಹೇಳಿದರು, ಅದು ನನ್ನ ಮನಸ್ಸಿನಲ್ಲಿ ನಿಂತಿತು: ಆ ಹಳೆಯ ಅಂಕಿಗಳು ಹೆಚ್ಚಾಗಿ ಗಂಡಸರವು. ಹೆಂಗಸರದ್ದನ್ನೇ ನೋಡೋಣ ಎಂದು ಷಿಕಾಗೋದಲ್ಲಿ ಮಾರ್ಥಾ ಗುಲಾಟಿ ಎಂಬ ಹೃದಯ ವೈದ್ಯೆ ಮತ್ತು ಅವರ ಸಂಗಡಿಗರು 5,437 ಮಂದಿ ಆರೋಗ್ಯವಂತ ಮಹಿಳೆಯರು ಟ್ರೆಡ್‌ಮಿಲ್ ಮೇಲೆ ನಡೆದ ಪರೀಕ್ಷೆಯ ಲೆಕ್ಕ ತೆಗೆದು, 2010ರಲ್ಲಿ ಬೇರೆ ಸೂತ್ರ ಕೊಟ್ಟರು. ವಯಸ್ಸನ್ನು 0.88ರಿಂದ ಗುಣಿಸಿ, ಬಂದದ್ದನ್ನು 206ರಿಂದ ಕಳೆಯಬೇಕು. ಆ ಪ್ರಕಾರ ನನ್ನ ಗರಿಷ್ಠ 164 ಅಲ್ಲ, 157. ಏಳು ಬಡಿತದಲ್ಲಿ ಏನು ಮಹಾ ಎನ್ನಬಹುದು. ಆದರೆ ಸೀರೆಯ ರವಕೆಯನ್ನು ಗಂಡಸರ ಅಂಗಿಯ ಅಳತೆಗೆ ಹೊಲಿದು, "ಅರ್ಧ ಇಂಚು ತಾನೇ" ಎಂದರೆ ನಾವು ಒಪ್ಪುತ್ತೇವೆಯೇ?

ದೋಸೆಯ ಸಮಸ್ಯೆಗೂ ಅವರಲ್ಲಿ ಪರಿಹಾರವಿತ್ತು. ಫಿನ್ಲೆಂಡಿನ ಕಾರ್ವೋನೆನ್ ಎಂಬವರು 1957ರಲ್ಲೇ ತೋರಿಸಿಕೊಟ್ಟ ದಾರಿ ಅದು. ಹೃದಯ ಸುಮ್ಮನೆ ಕುಳಿತಾಗಲೂ ಬಡಿಯುತ್ತಿರುತ್ತದಲ್ಲ, ಅದನ್ನು ಬಂಡವಾಳ ಎಂದು ಬದಿಗಿಡಬೇಕು. ಉಳಿದದ್ದರಲ್ಲಿ ಮಾತ್ರ ಪಾಲು ಹಾಕಬೇಕು. ನನ್ನ 157ರಲ್ಲಿ ವಿಶ್ರಾಂತಿಯ 76 ಕಳೆದರೆ 81. ಅದರಲ್ಲಿ ನೂರಕ್ಕೆ 40 ಎಂದರೆ 32, ನೂರಕ್ಕೆ 60 ಎಂದರೆ 49. ಎರಡಕ್ಕೂ ಮತ್ತೆ 76 ಕೂಡಿಸಿದರೆ 108 ಮತ್ತು 125. "ಈ ಎರಡರ ನಡುವೆ ಇರಲಿ ನಿಮ್ಮ ಬಿರುಸು" ಎಂದು ಚೀಟಿಯ ಮೇಲೆ ಬರೆದು ಕೆಳಗೆ ಗೆರೆ ಎಳೆದರು. ಅಂತೂ ನಡಿಗೆಗೂ ಮಿಲಿಗ್ರಾಮಿನಂಥದ್ದೊಂದು ಸಿಕ್ಕಿತು. ಅಂಗಡಿಯವರಿಗೆ ಕೊಡದೆ ನಾನೇ ಇಟ್ಟುಕೊಂಡ ಚೀಟಿ ಅದೊಂದೇ.

ಇನ್ನು ನಡೆಯುವ ಜಾಗ. ಮಂಗಳೂರಿನಲ್ಲಿ ಸಮತಟ್ಟು ರಸ್ತೆ ಹುಡುಕುವುದೂ ಒಂದೇ, ಮಳೆಗಾಲದಲ್ಲಿ ಒಣಗಿದ ಸೌದೆ ಹುಡುಕುವುದೂ ಒಂದೇ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರು, ಬಿಜೈಯಿಂದ ಸರ್ಕೀಟ್ ಹೌಸಿಗೆ ಏರು, ಕದ್ರಿಯಲ್ಲಂತೂ ದೇವರನ್ನು ನೋಡಿ ಮೇಲಿನ ಜೋಗಿ ಮಠಕ್ಕೆ ಹೋಗುವುದಾದರೆ ಮೆಟ್ಟಿಲಿನ ಮೇಲೆ ಮೆಟ್ಟಿಲು. ನಾವು ನಾಲ್ಕು ಮಂದಿ, ನಾನು, ನಮ್ಮ ಅತ್ತಿಗೆ, ಪಕ್ಕದ ಮನೆಯ ಬಾಯಿ ಮತ್ತು ನಿವೃತ್ತರಾದ ಟೀಚರೊಬ್ಬರು, ಬಿಜೈಯಿಂದ ಹೊರಟು ಕದ್ರಿ ಪಾರ್ಕಿನವರೆಗೆ ಹೋಗಿ ಬರುವುದೆಂದು ಮಾಡಿಕೊಂಡೆವು. ಪಾರ್ಕಿನೊಳಗಿನ ದಾರಿಯಲ್ಲಿ ನನ್ನ ಲೆಕ್ಕ 104, ಏರಿನಲ್ಲಿ 124. ಅದೇ ವೇಗ, ಅದೇ ಕಾಲು. ವೇಗ ನೋಡಿ ನಡೆದಿದ್ದರೆ ಪಾರ್ಕಿನಲ್ಲಿ ಕಡಿಮೆಯಾಗುತ್ತಿತ್ತು, ಏರಿನಲ್ಲಿ ಹೆಚ್ಚಾಗುತ್ತಿತ್ತು. ಇಂಥ ಊರಿಗೆ ಮೈಲಿ ಗಂಟೆಯ ಲೆಕ್ಕಕ್ಕಿಂತ ನಾಡಿಯ ಲೆಕ್ಕವೇ ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ.

ಸೆಕೆಗೂ ಹಾಗೆಯೇ. ಏಪ್ರಿಲ್ ಮೇ ತಿಂಗಳಲ್ಲಿ ಬೆಳಗ್ಗೆ ಏಳು ಗಂಟೆಗೇ ಮೈಗೆ ಬಟ್ಟೆ ಅಂಟುತ್ತದಲ್ಲ, ಆಗ ಅದೇ ದಾರಿಯಲ್ಲಿ ನನ್ನ ಲೆಕ್ಕ ಹತ್ತು ಹೆಚ್ಚು ಬರುತ್ತಿತ್ತು. ಮೈ ತಣಿಸಲು ರಕ್ತ ಚರ್ಮದ ಕಡೆಗೂ ಹರಿಯಬೇಕು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ, ಮೈ ತಣಿಯುವುದಿಲ್ಲ. ಹೃದಯಕ್ಕೆ ಎರಡು ಮನೆಯ ಚಾಕರಿ. ಆಗ ನಿಧಾನ ಮಾಡಬೇಕಾದದ್ದು ಕಾಲು, ಅದರಲ್ಲಿ ನಾಚಿಕೆ ಏನೂ ಇಲ್ಲ.

ಅತ್ತಿಗೆಯ ವಿಷಯ ಹೇಳಲೇಬೇಕು. ಅವರಿಗೆ 61 ವರ್ಷ, ಶಿಸ್ತಿನ ಹೆಂಗಸು. ಅವರ ಮಗ ಸೇರಿದ್ದ ಒಂದು ವ್ಯಾಯಾಮಶಾಲೆಯ ಗೋಡೆಯಲ್ಲಿ ವಯಸ್ಸಿಗೆ ತಕ್ಕ ಬಡಿತದ ಬಣ್ಣದ ಪಟ್ಟಿ ಇತ್ತಂತೆ. ಅದರ ಫೋಟೋ ಅತ್ತಿಗೆಯ ಮೊಬೈಲಿಗೆ ಬಂತು. 60 ವರ್ಷಕ್ಕೆ 112ರಿಂದ 136 ಎಂದು ಕಿತ್ತಳೆ ಬಣ್ಣದಲ್ಲಿ ಹಾಕಿತ್ತು. ಅತ್ತಿಗೆ ಎಷ್ಟು ನಡೆದರೂ ನಾಡಿ 96 ದಾಟುವುದಿಲ್ಲ. ಮೂರು ದಿನ ನೋಡಿದರು. ನಾಲ್ಕನೆಯ ದಿನ, "ನೀವು ಮಾತಾಡಿಕೊಂಡು ಬನ್ನಿ, ನಾನು ಮುಂದೆ ಹೋಗುತ್ತೇನೆ" ಎಂದು ಸರ್ಕೀಟ್ ಹೌಸಿನ ಏರನ್ನು ಹಟ ಹಿಡಿದವರಂತೆ ಹತ್ತಿದರು. ನಾವು ಮೇಲೆ ಹೋಗುವಾಗ ರಸ್ತೆ ಬದಿಯ ಕಟ್ಟೆಯಲ್ಲಿ ಕುಳಿತಿದ್ದರು. ಮುಖ ಬೂದಿಯ ಬಣ್ಣ, ಹಣೆಯಲ್ಲಿ ತಣ್ಣನೆಯ ಬೆವರು, ಮಾತಿಲ್ಲ. ಬಾಯಿ ತನ್ನ ಬಾಟಲಿಯ ನೀರು ಕುಡಿಸಿದರು, ಟೀಚರು ರಿಕ್ಷಾ ನಿಲ್ಲಿಸಿದರು. ನಾನು ಅವರ ಕೈ ಹಿಡಿದು ಎಣಿಸಿದರೆ ಆಗಲೂ 102. ಆಸ್ಪತ್ರೆಗೆ ಹೋಗುವ ಆ ಹತ್ತು ನಿಮಿಷ ನನ್ನ ನಾಡಿ ಎಷ್ಟಿತ್ತೋ, ಯಾರೂ ಎಣಿಸಲಿಲ್ಲ.

ದೇವರು ದೊಡ್ಡವನು, ಇ.ಸಿ.ಜಿ.ಯಲ್ಲಿ ಹೊಸ ತೊಂದರೆ ಕಾಣಲಿಲ್ಲ. ವಿಷಯ ಬೇರೆಯೇ ಇತ್ತು. ಅತ್ತಿಗೆ ರಕ್ತದೊತ್ತಡಕ್ಕೆ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳಲ್ಲಿ ಒಂದು ಮೆಟೊಪ್ರೊಲಾಲ್. ಬೀಟಾ ಬ್ಲಾಕರ್ ಎಂಬ ಆ ಗುಂಪಿನ ಮಾತ್ರೆಗಳ ಕೆಲಸವೇ ಹೃದಯಕ್ಕೆ ಲಗಾಮು ಹಾಕುವುದು. ಲಗಾಮು ಎಳೆದು ಹಿಡಿದ ಕುದುರೆ ಪಟ್ಟಿಯಲ್ಲಿ ಬರೆದಷ್ಟು ಓಡುವುದಿಲ್ಲ, ಓಡಿಸಲೂ ಬಾರದು. ಅವರಿಗೆ ಆ ಪಟ್ಟಿಯೇ ಅಲ್ಲ. "ಮಾತ್ರೆ ಬಿಟ್ಟರೆ ಸರಿಯಾಗುತ್ತದಾ?" ಎಂದು ಅತ್ತಿಗೆ ಕೇಳಿದ್ದಕ್ಕೆ ಡಾಕ್ಟರು ಗಾಬರಿಯಾಗಿ ಎರಡು ಕೈಯನ್ನೂ ಎತ್ತಿದರು. ಅದನ್ನು ನಮ್ಮಷ್ಟಕ್ಕೆ ನಿಲ್ಲಿಸುವುದು ಇನ್ನೂ ಅಪಾಯ. ಅದಿರಲಿ, ಆ ಬಣ್ಣದ ಪಟ್ಟಿಯ ಕೆಳಗೆ ಒಂದು ಸಾಲು, "ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳಿ" ಎಂದು ಬರೆಯಲು ಎಷ್ಟು ಜಾಗ ಬೇಕಿತ್ತು?

ಅಂಕಿ ಕೆಲಸಕ್ಕೆ ಬಾರದವರಿಗೆ ಮಾತು ಉಂಟು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಮಧ್ಯಮ. ಹಾಡಲೂ ಆದರೆ ಸಾಲದು. ಎರಡು ಶಬ್ದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಹೆಚ್ಚಾಯಿತು. ಯಕ್ಷಗಾನದಲ್ಲಿ ಪುಂಡುವೇಷದವರು ಧಿಗಿಣ ಹಾಕಿ ನಿಂತು ಕೂಡಲೇ ಅರ್ಥ ಹೇಳಲು ಹೊರಟಾಗ ಮಾತು ತುಂಡುತುಂಡಾಗುವುದನ್ನು ನೋಡಿಲ್ಲವೇ? ಅದು ಕಠಿಣದ ಗುರುತು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬವರು ಆಯಾಸಕ್ಕೇ ಅಂಕ ಕೊಡುವ ಕ್ರಮ ಮಾಡಿದ್ದಾರೆ, 6ರಿಂದ 20ರವರೆಗೆ. ಸೊನ್ನೆ ಬಿಟ್ಟು 6ರಿಂದ ಯಾಕೆ ಎಂದರೆ, ಅಂಕವನ್ನು 10ರಿಂದ ಗುಣಿಸಿದರೆ ಸುಮಾರಾಗಿ ನಾಡಿಯ ಲೆಕ್ಕ ಬರುತ್ತದೆ. 6 ಎಂದರೆ ಸುಮ್ಮನೆ ಕುಳಿತವರ 60. ಲೆಕ್ಕ ಮುಖ್ಯವಾಗಿ ಆರೋಗ್ಯವಂತ ಯುವಕರಿಗೆ ಹೊಂದುವಂಥದ್ದು, ಆದರೆ ಅಂಕ ಎಲ್ಲರೂ ಕೊಟ್ಟುಕೊಳ್ಳಬಹುದು. ನಮ್ಮ ಟೀಚರಿಗೆ ಇದು ಬಹಳ ಹಿಡಿಸಿತು. ಏರಿನ ನಡುವೆ ತಿರುಗಿ, "ಅಕ್ಕ, ನಿಮ್ಮದು ಎಷ್ಟು? ನನ್ನದು ಹನ್ನೆರಡು" ಎನ್ನುತ್ತಾರೆ. 13 ಹೇಳಿದರೆ ನಿಧಾನ ಮಾಡಿಸುತ್ತಾರೆ.

ಬೆಂಗಳೂರಿನ ಮಗಳು ಕಳೆದ ದೀಪಾವಳಿಗೆ ನಾಡಿ ನೋಡುವ ವಾಚು ತಂದುಕೊಟ್ಟಳು. ಅಡಿಯಲ್ಲಿ ಹಸಿರು ಬೆಳಕು ಮಿಣಮಿಣ ಎನ್ನುತ್ತದೆ. ರಕ್ತ ಹರಿದಾಗ ಹಿಂದಕ್ಕೆ ಬರುವ ಬೆಳಕು ಹೆಚ್ಚು ಕಡಿಮೆಯಾಗುವುದನ್ನು ನೋಡಿ ಎಣಿಸುವ ಉಪಾಯ ಅದು. ಸಡಿಲವಾಗಿ ಕಟ್ಟಿದರೆ, ಬಳೆಗೆ ತಾಗಿ ಅಲುಗಿದರೆ ಮನಸ್ಸಿಗೆ ಬಂದದ್ದು ಹೇಳುತ್ತದೆ. ಒಂದು ಸಲ ಪಾರ್ಕಿನಲ್ಲಿ 171 ಎಂದು ತೋರಿಸಿತು, ನಾನು ಆಗ ಬೆಂಚಿನಲ್ಲಿ ಕಡಲೆ ತಿನ್ನುತ್ತಿದ್ದೆ. ಬೆರಳಿಟ್ಟು ನೋಡಿದರೆ 80. ಈಗ ಬಳೆಯನ್ನು ಆಚೆ ಕೈಗೆ ಹಾಕಿ, ವಾಚನ್ನು ಮಣಿಕಟ್ಟಿನ ಎಲುಬಿನಿಂದ ಸ್ವಲ್ಪ ಮೇಲೆ ಬಿಗಿಯಾಗಿ ಕಟ್ಟುತ್ತೇನೆ. ಸುಮಾರು ಸರಿ ಬರುತ್ತದೆ. ಅದರಲ್ಲೊಂದು ತಮಾಷೆ ನೋಡಿ: ರಾತ್ರಿ ಹನ್ನೊಂದಕ್ಕೆ ಫೋನು ರಿಂಗಾದರೆ, ಆಸ್ತಿಯ ವಿಷಯ ಎತ್ತಿಕೊಂಡು ಯಾರಾದರೂ ಮನೆಗೆ ಬಂದರೆ, ಕುಳಿತಲ್ಲೇ ನನ್ನದು 110. ಆ ಲೆಕ್ಕದಲ್ಲಿ ನಮ್ಮಲ್ಲಿ ಎಷ್ಟೋ ಹೆಂಗಸರು ಬದುಕಿಡೀ ವ್ಯಾಯಾಮ ಮಾಡಿದವರೇ! ಆದರೆ ಸಿಟ್ಟಿಗೂ ಹೆದರಿಕೆಗೂ ಬಡಿದ ಎದೆ ಕಾಲಿನ ಸ್ನಾಯುವಿಗೆ ಏನೂ ಕೊಡುವುದಿಲ್ಲ, ಸಕ್ಕರೆಯನ್ನೂ ಸುಡುವುದಿಲ್ಲ, ಬದಲಿಗೆ ಏರಿಸುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ಹೃದಯಾಘಾತದಿಂದ ಹೋದಾಗ ನಾಡೇ ಅತ್ತಿತು. ಅಂದು ಬೆಳಗ್ಗೆ ಅವರು ವ್ಯಾಯಾಮ ಮಾಡಿದ್ದರು ಎಂಬ ಸುದ್ದಿ ಹಿಡಿದುಕೊಂಡು, ಮೈ ದಣಿಸುವುದೇ ತಪ್ಪು ಎನ್ನುವವರು ಮನೆಮನೆಯಲ್ಲಿ ಹುಟ್ಟಿಕೊಂಡರು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲು ನಿಂತದ್ದು ಪತ್ರಿಕೆಗಳಲ್ಲಿ ಬಂತು. ನಡಿಗೆ ನಿಲ್ಲಿಸಿದವರನ್ನು ನಾನೇ ಕಂಡಿದ್ದೇನೆ. ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಮನೆತನದಲ್ಲಿ ಹೃದಯದ ಕಾಯಿಲೆ ಇದ್ದವರು, ಸಕ್ಕರೆ ಇದ್ದವರು ಕಠಿಣ ವ್ಯಾಯಾಮಕ್ಕೆ ಮೊದಲು ಡಾಕ್ಟರನ್ನು ಕಾಣಲೇಬೇಕು. ಆದರೆ ನಿಂತುಬಿಡುವುದು ಪರಿಹಾರವಲ್ಲ. ಇನ್ನೊಂದು ಮಾತು ಹೆಂಗಸರಿಗೆಂದೇ ಹೇಳಬೇಕು. ನಮ್ಮ ಹೃದಯದ ತೊಂದರೆ ಯಾವಾಗಲೂ ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದುಕೊಳ್ಳುವ ನೋವಾಗಿಯೇ ಬರುವುದಿಲ್ಲ. ದವಡೆನೋವು, ಬೆನ್ನುನೋವು, ಓಕರಿಕೆ, ಹಿಂದೆ ಇಲ್ಲದ ಏದುಸಿರು, ಕಾರಣವಿಲ್ಲದ ಸುಸ್ತು, ಹೀಗೆಲ್ಲ ಬರಬಹುದು. ನಾವದನ್ನು ವಾಯು ಎಂದು ಓಮದ ನೀರು ಕುಡಿದು ಮಲಗುತ್ತೇವೆ. ಅಂಥ ಹೊತ್ತಿನಲ್ಲಿ ನಾಡಿ 90 ಉಂಟೋ 120 ಉಂಟೋ ಎಂದು ಎಣಿಸುತ್ತಾ ಕೂರಬಾರದು, ಆಸ್ಪತ್ರೆಗೆ ಹೊರಡಬೇಕು.

ಎಂಟು ತಿಂಗಳಾಯಿತು. ಬೆಳಗ್ಗಿನ 76 ಈಗ 70ಕ್ಕೆ ಇಳಿದಿದೆ. ಪಳಗಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದಂತೆ, ಹಾಗಾಗಿ ಕಡಿಮೆ ಬಡಿದರೂ ಸಾಕು. ಒಂದು ಕಾಲಕ್ಕೆ 124 ತೋರಿಸುತ್ತಿದ್ದ ಸರ್ಕೀಟ್ ಹೌಸಿನ ಏರು ಈಗ 110 ಕೂಡ ಮುಟ್ಟುವುದಿಲ್ಲ. ಬಂಡವಾಳ ಬದಲಾದ್ದರಿಂದ ಲೆಕ್ಕವೂ ಹೊಸದು: 157ರಲ್ಲಿ 70 ಹೋದರೆ 87, ಅದರಲ್ಲಿ 40 ಪಾಲು, 60 ಪಾಲು ತೆಗೆದು ಕೂಡಿಸಿದರೆ 105 ಮತ್ತು 122. ಇನ್ನೂ ಸ್ವಲ್ಪ ಕಾಲು ಚುರುಕು ಮಾಡಬೇಕು, ಇಲ್ಲವೇ ವಾರದಲ್ಲಿ ಎರಡು ದಿನ ಜೋಗಿ ಮಠದ ಮೆಟ್ಟಿಲು ಹಿಡಿಯಬೇಕು. ಸಕ್ಕರೆ ಗಡಿಯಿಂದ ಒಂದು ಹೆಜ್ಜೆ ಈಚೆಗೆ ಬಂದಿದೆ.

ಅತ್ತಿಗೆ ಬಣ್ಣದ ಪಟ್ಟಿಯನ್ನು ಮೊಬೈಲಿನಿಂದ ಅಳಿಸಿದ್ದಾರೆ. ಡಾಕ್ಟರು ಅವರಿಗೆ ಹೇಳಿದ್ದು ಅಂಕ 12, ಅದಕ್ಕಿಂತ ಮೇಲೆ ಬೇಡ ಎಂದು. ಅವರದ್ದು ಅವರದೇ ಪರೀಕ್ಷೆ. ದಾರಿಯುದ್ದಕ್ಕೂ ವಿಷ್ಣು ಸಹಸ್ರನಾಮ ಹೇಳಿಕೊಂಡು ನಡೆಯುತ್ತಾರೆ. ಒಂದು ಸಾಲು ಒಂದೇ ಉಸಿರಿನಲ್ಲಿ ಸರಾಗವಾಗಿ ಮುಗಿದರೆ ಕಾಲು ಚುರುಕು ಮಾಡುತ್ತಾರೆ, ಸಾಲು ನಡುವೆ ಎರಡು ಕಡೆ ತುಂಡಾದರೆ ನಿಧಾನಿಸುತ್ತಾರೆ. ಬಿಜೈಯಿಂದ ಪಾರ್ಕಿಗೆ ಮುಟ್ಟುವಾಗ ಅರ್ಧ ಆಗಿರುತ್ತದೆ. ಉಳಿದರ್ಧ ಇಳಿಯುವಾಗ ಹೇಳುತ್ತೇನೆ ಎನ್ನುತ್ತಾರೆ, ಆದರೆ ಇಳಿಯುವಾಗ ಬಾಯಿ ತನ್ನ ಮಗನ ದುಬೈ ಸುದ್ದಿ ಎತ್ತಿರುತ್ತಾರೆ.